ಬೀಗ ಹಾಕಿದ ಮೈದಾನ ಮತ್ತು ಬೆಳಗಿನ ಓಟ

ಮೈಸೂರಿನ ಮನೆಯನ್ನು ಮಾರಿ, ಮಗಳ ಮನೆಗೆ ಹತ್ತಿರವಾಗುತ್ತದೆಂಬ ಕಾರಣಕ್ಕೆ ದಕ್ಷಿಣ ಬೆಂಗಳೂರಿನ ಬಡಾವಣೆಯೊಂದರಲ್ಲಿ ನೆಲೆಸಿದ ಮೇಲೆ, ಮೊದಲ ಮೂರು ತಿಂಗಳಲ್ಲಿ ನಾನು ಓಡಿದ್ದು ಒಂಬತ್ತೇ ದಿನ. ಇದು ಅಂದಾಜಿನ ಲೆಕ್ಕವಲ್ಲ. ಸೇವೆಯಲ್ಲಿದ್ದಾಗ ಪ್ರವಾಸದ ದಿನಚರಿ ಬರೆಯಬೇಕಾಗಿತ್ತು. ಆ ಅಭ್ಯಾಸ ನಿವೃತ್ತಿಯ ನಂತರವೂ ಬಿಟ್ಟುಹೋಗಲಿಲ್ಲ. ಹಿಂದಿನ ವರ್ಷದ ದಿನಚರಿಯಲ್ಲಿ ಅದೇ ಮೂರು ತಿಂಗಳಲ್ಲಿ ಅರವತ್ತೆಂಟು ದಿನಗಳ ಎದುರು ಓಟದ ಗುರುತಿದೆ. ಅದೇ ಕಾಲು, ಅದೇ ಬೂಟು, ಅದೇ ಅಲಾರಂ. ಬದಲಾದದ್ದು ಊರೊಂದೇ.

ಇದಕ್ಕೆ ಮೊದಲು ನಾನು ಕೊಟ್ಟುಕೊಂಡ ವಿವರಣೆಗಳು ಹಾಸ್ಯಾಸ್ಪದವಾಗಿದ್ದವು. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಬೆಂಗಳೂರು 920 ಮೀಟರ್ ಎತ್ತರದಲ್ಲಿದೆ. ಆದ್ದರಿಂದ ಉಸಿರು ಕಟ್ಟುತ್ತಿದೆ ಎಂದು ಅಳಿಯನ ಮುಂದೆ ವಾದಿಸಿದೆ. ನೂರೈವತ್ತು ಮೀಟರಿನ ವ್ಯತ್ಯಾಸಕ್ಕೆ ಯಾರ ಉಸಿರೂ ಕಟ್ಟುವುದಿಲ್ಲವೆಂಬುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ವಯಸ್ಸಾಯಿತಲ್ಲ ಎಂದ. ಆ ಮಾತು ಮಾತ್ರ ಚುಚ್ಚಿತು. ಅರವತ್ತಾರರ ನಂತರ ಒಮ್ಮೆ ಬಿಟ್ಟ ಓಟ ಮರಳಿ ಬರುವುದು ಅಪರೂಪ. ಎಡ್ವರ್ಡ್ ಕಾಯ್ಲ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚೆನ್ನಾಗಿ ಪಳಗಿದ ಕ್ರೀಡಾಪಟುಗಳು ಅಭ್ಯಾಸ ನಿಲ್ಲಿಸಿದ ಮೂರು ವಾರಗಳಲ್ಲಿ ದೇಹವು ಗರಿಷ್ಠವಾಗಿ ಬಳಸಬಲ್ಲ ಆಮ್ಲಜನಕದ ಪ್ರಮಾಣ ಶೇ 7ರಷ್ಟು ಕುಸಿದಿತ್ತು. ಎಂಟು ವಾರಗಳಲ್ಲಿ ಶೇ 16ರಷ್ಟು. ಅವರು ಪ್ರಾಯದವರು. ನನ್ನಂಥವರ ಖಾತೆಯಲ್ಲಿ ಅಷ್ಟು ಬಾಕಿ ಮೊತ್ತವಾದರೂ ಎಲ್ಲಿದೆ?

ಇಂಥ ಸಂದರ್ಭದಲ್ಲಿ ಹಿತೈಷಿಗಳು ಹೇಳುವುದು ಒಂದೇ: ಮನಸ್ಸು ಗಟ್ಟಿ ಮಾಡಿಕೊಳ್ಳಿ. ಇಚ್ಛಾಶಕ್ತಿಯನ್ನು ಕುರಿತ ಈ ಉಪದೇಶವನ್ನು ನಾನು ನಂಬುವುದಿಲ್ಲ. ನಂಬದಿರಲು ನನ್ನ ಸೇವಾವಧಿಯೇ ಕಾರಣ. ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ನನಗೆ ಹನ್ನೊಂದು ವರ್ಗಾವಣೆಗಳಾದವು. ಕಾರವಾರದಲ್ಲಿ ಇಳಿತದ ಹೊತ್ತಿಗೆ ಗಟ್ಟಿಯಾಗುವ ಮರಳಿನ ಮೇಲೆ ಓಡಿದ್ದೇನೆ. ಕಲಬುರಗಿಯಲ್ಲಿ ಮೇ ತಿಂಗಳಲ್ಲಿ ಬೆಳಗಿನ ನಾಲ್ಕೂವರೆಗೇ ಹೊರಟು, ಬಿಸಿಲೇರುವ ಮುನ್ನ ಮನೆ ಸೇರಿದ್ದೇನೆ. ಊರು ಬದಲಾದಾಗಲೆಲ್ಲ ಓಟ ನಿಂತಿದ್ದರೆ ಅದು ಯಾವತ್ತೋ ಸತ್ತುಹೋಗಬೇಕಿತ್ತು. ಸಾಯಲಿಲ್ಲ. ಏಕೆಂದರೆ ಪ್ರತಿ ಜಿಲ್ಲಾ ಕೇಂದ್ರದಲ್ಲಿಯೂ ಜಿಲ್ಲಾ ಕ್ರೀಡಾಂಗಣವೋ ಪೊಲೀಸ್ ಪರೇಡ್ ಮೈದಾನವೋ ಇದ್ದೇ ಇರುತ್ತಿತ್ತು, ಅಧಿಕಾರಿಗೆ ಅದರ ಗೇಟು ತೆರೆದೇ ಇರುತ್ತಿತ್ತು. ಎರಡು ದಿನ ಹೋಗದಿದ್ದರೆ ಕಾವಲಿನವನು ಮೂರನೆಯ ದಿನ, ‘ಸಾಹೇಬ್ರು ಟೂರಿಗೆ ಹೋಗಿದ್ರೇನು?’ ಎಂದು ಕೇಳುತ್ತಿದ್ದ. ಊರು ಬೇರೆಯಾದರೂ ವ್ಯವಸ್ಥೆ ಒಂದೇ ಆಗಿತ್ತು. ಅದನ್ನು ನಾನು ನನ್ನ ಶಿಸ್ತೆಂದು ಭಾವಿಸಿದ್ದೆ.

ವೆಂಡಿ ವುಡ್ ಎಂಬ ಮನೋವಿಜ್ಞಾನಿ ತಮ್ಮ ಸಹೋದ್ಯೋಗಿಗಳೊಡನೆ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದೇ ಮಾತನ್ನು ಹೇಳುತ್ತದೆ. ಒಂದು ವಿಶ್ವವಿದ್ಯಾಲಯ ಬಿಟ್ಟು ಇನ್ನೊಂದಕ್ಕೆ ಸೇರಿದ ವಿದ್ಯಾರ್ಥಿಗಳ ಮೂರು ಅಭ್ಯಾಸಗಳನ್ನು ಅವರು ಗಮನಿಸಿದರು: ವ್ಯಾಯಾಮ, ಪತ್ರಿಕೆ ಓದುವುದು, ಟಿ.ವಿ. ನೋಡುವುದು. ಹೊಸ ಜಾಗದಲ್ಲಿ ಸನ್ನಿವೇಶ ಹಳೆಯದರಂತೆಯೇ ಇದ್ದಾಗ ಅಭ್ಯಾಸಗಳು ಉಳಿದವು. ಸನ್ನಿವೇಶ ಬದಲಾದಾಗ ಅವು ಮುರಿದು, ಪ್ರತಿ ಸಲವೂ ಮನಸ್ಸು ಹೊಸದಾಗಿ ತೀರ್ಮಾನಿಸಬೇಕಾಗಿ ಬಂತು. ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ನಾನು ಯಾವ ದಿನವೂ ‘ಓಡಲೋ ಬೇಡವೋ’ ಎಂದು ಯೋಚಿಸಿದವನಲ್ಲ. ಮನೆಯಿಂದ ಆರು ನಿಮಿಷದ ದಾರಿ. ಗೇಟು ದಾಟಿದರೆ ಮಣ್ಣಿನ ಹಾದಿ. ಕೆರೆಯ ಸುತ್ತಳತೆ ಐದು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಅರ್ಧ ಸುತ್ತು ಮುಗಿಸಿದವನಿಗೆ ಮನೆಗೆ ಮರಳಲು ಉಳಿದರ್ಧ ಸುತ್ತದೆ ಬೇರೆ ದಾರಿಯಿಲ್ಲ. ಸೋಮಾರಿತನಕ್ಕೆ ಅವಕಾಶವನ್ನೇ ಕೊಡದ ಭೂಗೋಳ ಅದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ ಆ ಕೆರೆಯ ದಂಡೆ ಕುವೆಂಪು ಅವರ ನಡಿಗೆಯ ದಾರಿಯೂ ಆಗಿತ್ತು. ಆದರೆ ನನ್ನನ್ನು ಅಲ್ಲಿಗೆ ಎಳೆಯುತ್ತಿದ್ದುದು ಪರಂಪರೆಯಲ್ಲ, ಹೆಜ್ಜಾರ್ಲೆಗಳು ನೀರಿಗಿಳಿಯುವ ಸದ್ದು.

ಬೆಂಗಳೂರಿನಲ್ಲಿ ಓಡುವವರಿಗೇನೂ ಬರವಿಲ್ಲ. 2008ರಿಂದ ನಡೆಯುತ್ತಿರುವ ಹತ್ತು ಕಿಲೋಮೀಟರ್ ಓಟಕ್ಕೆ ಸಹಸ್ರಾರು ಜನ ಸೇರುತ್ತಾರೆ. ಭಾನುವಾರ ವಾಹನಗಳಿಲ್ಲದ ಕಬ್ಬನ್ ಪಾರ್ಕಿನಲ್ಲಿ ಓಡುವುದು ನಿಜವಾಗಿಯೂ ಸುಖ. ಲಾಲ್‌ಬಾಗಿನ 240 ಎಕರೆಗಳ ಬಗ್ಗೆ ನಾನು ಹೇಳಬೇಕಾದುದೇನೂ ಇಲ್ಲ. ಆದರೆ ಲಾಲ್‌ಬಾಗು ನನ್ನ ಮನೆಯಿಂದ ಏಳು ಕಿಲೋಮೀಟರ್ ದೂರ. ಕಾರು ತೆಗೆದು, ನಿಲ್ಲಿಸಲು ಜಾಗ ಹುಡುಕಿ, ನಲವತ್ತು ನಿಮಿಷ ಓಡಿ, ಎಂಟು ಗಂಟೆಯ ದಟ್ಟಣೆಯಲ್ಲಿ ಹಿಂದಿರುಗಬೇಕು. ಅರ್ಥಶಾಸ್ತ್ರ ಓದಿದವನ ದೌರ್ಬಲ್ಯವೆಂದರೆ ಹಾಸಿಗೆಯಲ್ಲಿ ಮಲಗಿಯೇ ಈ ವೆಚ್ಚವನ್ನೆಲ್ಲ ಕೂಡಿಹಾಕುವುದು. ಕೂಡುವುದು ಮುಗಿಯುವಷ್ಟರಲ್ಲಿ ಬೆಳಕಾಗಿರುತ್ತಿತ್ತು.

ನಮ್ಮ ಬಡಾವಣೆಯಲ್ಲಿ ಉದ್ಯಾನವಿಲ್ಲವೇ? ಇದೆ. 2024ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಉದ್ಯಾನಗಳನ್ನು ಬೆಳಗಿನ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂದು ಸೂಚಿಸಿತು. ಆ ಪಾಲಿಕೆ ಮರುವರ್ಷ ಐದು ಪಾಲಿಕೆಗಳಾಗಿ ಒಡೆಯಿತು. ನಮ್ಮ ಉದ್ಯಾನ ಸಕಾಲಕ್ಕೆ ತೆರೆಯುತ್ತದೆ, ಶುಚಿಯಾಗಿದೆ, ಹೊಂಗೆಯ ನೆರಳಿದೆ. ಬಾಗಿಲಲ್ಲೇ ಒಂದು ಹಳದಿ ಫಲಕವೂ ಇದೆ: ‘ಓಡುವುದನ್ನು ನಿಷೇಧಿಸಲಾಗಿದೆ’. ಮೊದಲ ದಿನ ಅದನ್ನು ಗಮನಿಸದೆ ಎರಡು ಸುತ್ತು ಓಡಿದ್ದೆ. ಕಾವಲುಗಾರ ಅಡ್ಡ ಬಂದು, ‘ಸಾರ್, ಇಲ್ಲಿ ವಾಕಿಂಗ್ ಮಾತ್ರ. ವಯಸ್ಸಾದೋರಿಗೆ ತೊಂದ್ರೆ ಆಗುತ್ತೆ’ ಎಂದ. ವಯಸ್ಸಾದವರಲ್ಲಿ ನಾನೂ ಒಬ್ಬನೆಂದು ಹೇಳಿ ಪ್ರಯೋಜನವಿರಲಿಲ್ಲ. ವಿಚಾರಿಸಿದಾಗ ಗೊತ್ತಾಯಿತು, ಓಡಿಬಂದ ಯುವಕನೊಬ್ಬ ತಗುಲಿ ಹಿರಿಯ ಮಹಿಳೆಯೊಬ್ಬರು ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರಂತೆ. ದಾರಿಯ ಅಗಲ ನಾಲ್ಕೇ ಅಡಿ. ಫಲಕ ಹಾಕಿದವರನ್ನು ದೂರಲು ನನಗೆ ಮನಸ್ಸು ಬರಲಿಲ್ಲ.

ದೂರುವ ಅಧಿಕಾರವೂ ನನಗಿಲ್ಲ. ಬಹಳ ವರ್ಷಗಳ ಹಿಂದೆ ತಾಲ್ಲೂಕು ಕೇಂದ್ರವೊಂದರಲ್ಲಿ ನಾನೇ ಇಂಥದೊಂದು ಆದೇಶಕ್ಕೆ ಸಹಿ ಹಾಕಿದ್ದೆ. ರಾತ್ರಿ ಹೊತ್ತು ಅಲ್ಲಿನ ಕ್ರೀಡಾಂಗಣದಲ್ಲಿ ಮದ್ಯಪಾನ ನಡೆಯುತ್ತಿದೆಯೆಂದು ದೂರು ಬಂದಿತ್ತು. ‘ಸಾರ್ವಜನಿಕರ ಪ್ರವೇಶವನ್ನು ಮುಂದಿನ ಆದೇಶದವರೆಗೆ ನಿರ್ಬಂಧಿಸಲಾಗಿದೆ’ ಎಂದು ಒಂದೇ ಸಾಲಿನಲ್ಲಿ ವಿಷಯವನ್ನು ಮುಗಿಸಿದೆ. ಕುಡಿಯುವವರು ರಾತ್ರಿ ಬರುತ್ತಿದ್ದರು, ಓಡುವವರು ಬೆಳಿಗ್ಗೆ ಬರುತ್ತಿದ್ದರು ಎಂಬ ಸರಳ ಸಂಗತಿ ಟಿಪ್ಪಣಿಯಲ್ಲಿರಲಿಲ್ಲ, ನಾನೂ ಕೇಳಲಿಲ್ಲ. ಪೊಲೀಸ್ ನೇಮಕಾತಿಗೆ ತಯಾರಾಗುತ್ತಿದ್ದ ಐದಾರು ಹುಡುಗರು ಒಂದು ದಿನ ಕಚೇರಿಗೆ ಬಂದು ನಿಂತಿದ್ದರು. ಪರಿಶೀಲಿಸೋಣ ಎಂದು ಕಳುಹಿಸಿದೆ. ಅಷ್ಟರಲ್ಲಿ ನನಗೆ ವರ್ಗವಾಯಿತು. ಮುಂದಿನ ಆದೇಶ ಹೊರಟಿತೋ ಇಲ್ಲವೋ ಎಂದು ವಿಚಾರಿಸುವ ಗೋಜಿಗೂ ಹೋಗಲಿಲ್ಲ.

ಉದ್ಯಾನದ ಬಾಗಿಲು ಮುಚ್ಚಿದ ಮೇಲೆ ಹಣ ಕಟ್ಟಿ ನೋಡಿದೆ. ಮನೆಯ ಸಮೀಪದ ಜಿಮ್ಮಿಗೆ ವರ್ಷದ ಶುಲ್ಕ 18,000 ರೂಪಾಯಿ. ಹೋದದ್ದು ಹನ್ನೊಂದು ದಿನ. ನಿಂತಲ್ಲೇ ಓಡಿಸುವ ಆ ಯಂತ್ರದ ಮೇಲೆ, ಎದುರಿನ ಪರದೆಯಲ್ಲಿ ಯಾರೋ ಅಡುಗೆ ಮಾಡುವುದನ್ನು ನೋಡುತ್ತ ಓಡಲು ನನ್ನಿಂದಾಗಲಿಲ್ಲ. ಒಂದು ಭೇಟಿಗೆ ಸಾವಿರದ ಆರುನೂರು ರೂಪಾಯಿಗೂ ಮಿಕ್ಕಿ ಬಿತ್ತು. ಸಮಾಧಾನದ ಸಂಗತಿಯೆಂದರೆ, ನಾನು ಏಕಾಕಿಯಲ್ಲ. ಅಮೆರಿಕದ ಜಿಮ್‌ಗಳ ಸದಸ್ಯರನ್ನು ಕುರಿತು ಸ್ಟೆಫಾನೊ ಡೆಲ್ಲಾವಿಗ್ನಾ ಮತ್ತು ಉಲ್ರಿಕೆ ಮಾಲ್‌ಮೆಂಡಿಯರ್ ಎಂಬ ಅರ್ಥಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ತಿಂಗಳಿಗೆ 70 ಡಾಲರಿಗೂ ಹೆಚ್ಚು ಕಟ್ಟಿದವರು ಸರಾಸರಿ ತಿಂಗಳಿಗೆ ನಾಲ್ಕು ಬಾರಿಯಷ್ಟೇ ಹೋಗುತ್ತಿದ್ದರು. 10 ಡಾಲರಿಗೆ ದೊರೆಯುತ್ತಿದ್ದ ಭೇಟಿಗೆ 17 ಡಾಲರಿಗಿಂತ ಹೆಚ್ಚು ತೆರುತ್ತಿದ್ದರು. ನಾಳಿನ ತನ್ನ ಬಗ್ಗೆ ಮನುಷ್ಯನಿಗೆ ಇರುವ ಅಭಿಮಾನ ಎಲ್ಲ ದೇಶಗಳಲ್ಲೂ ಒಂದೇ ಬಗೆಯದು.

ಊರು ಬದಲಾದದ್ದರಿಂದಲೇ ಓಟಗಾರರಾದವರೂ ಇದ್ದಾರೆ ಎಂಬುದನ್ನು ಮರೆಯಬಾರದು. ಫೌಜಾ ಸಿಂಗ್ ಪಂಜಾಬಿನ ರೈತ. ಪತ್ನಿಯನ್ನೂ ಆಮೇಲೆ ಮಗನನ್ನೂ ಕಳೆದುಕೊಂಡು, ಭಾಷೆ ಬಾರದ ಲಂಡನ್ನಿನಲ್ಲಿ ಇನ್ನೊಬ್ಬ ಮಗನ ಮನೆ ಸೇರಿದ ಮೇಲೆಯೇ ಅವರು ಓಟವನ್ನು ಗಂಭೀರವಾಗಿ ಹಿಡಿದದ್ದು. 2000ದಲ್ಲಿ ತಮ್ಮ 89ನೆಯ ವಯಸ್ಸಿನಲ್ಲಿ ಲಂಡನ್ ಮ್ಯಾರಥಾನ್ ಓಡಿದರು. 2011ರಲ್ಲಿ, ನೂರು ವರ್ಷ ವಯಸ್ಸೆಂದು ಹೇಳಲಾದಾಗ, ಟೊರಾಂಟೊದಲ್ಲಿ ಪೂರ್ಣ ಮ್ಯಾರಥಾನ್ ಮುಗಿಸಿದರು. ಜನನ ಪ್ರಮಾಣಪತ್ರ ಇಲ್ಲದ್ದರಿಂದ ಗಿನ್ನೆಸ್ ಆ ದಾಖಲೆಯನ್ನು ಒಪ್ಪಲಿಲ್ಲ. ಅದೊಂದು ಕಂದಾಯ ಇಲಾಖೆಗೆ ಬಹಳ ಪರಿಚಿತವಾದ ಕಥೆ. ಅವರನ್ನು ಓಡಿಸಿದ್ದು ದುಃಖ ಎನ್ನುತ್ತಾರೆ. ಇರಬಹುದು. ಆದರೆ ಅವರಿಗೆ ಹರ್ಮಂದರ್ ಸಿಂಗ್ ಎಂಬ ತರಬೇತುದಾರ ಸಿಕ್ಕಿದ್ದರು, ಜೊತೆಗೆ ಓಡಲು ತಮ್ಮ ಮಾತನಾಡುವ ಜನ ಸಿಕ್ಕಿದ್ದರು ಎಂಬುದನ್ನೂ ಸೇರಿಸಿ ಹೇಳಬೇಕು. ಇಷ್ಟೆಲ್ಲ ಓಡಿದ ಆ ಹಿರಿಯರು 2025ರ ಜುಲೈನಲ್ಲಿ ಜಲಂಧರ್ ಬಳಿಯ ತಮ್ಮ ಹಳ್ಳಿಯ ಹತ್ತಿರ ರಸ್ತೆಯಲ್ಲಿ ವಾಹನ ಬಡಿದು ತೀರಿಕೊಂಡರು. ರಸ್ತೆಯ ಮೇಲೆ ಓಡಿ ಎಂದು ನನಗೆ ಸಲಹೆ ಕೊಡುವವರು ಇದನ್ನು ಗಮನಿಸಬೇಕು.

ನನ್ನ ಪಾಲಿಗೆ ದಾರಿ ತೆರೆದದ್ದು ಸರ್ಕಾರಿ ಪ್ರೌಢಶಾಲೆಯೊಂದರ ಮೈದಾನ. ಮನೆಯಿಂದ ಎಂಟು ನಿಮಿಷದ ನಡಿಗೆ. ತರಕಾರಿಗೆ ಹೋಗುವಾಗ ಬೇಲಿಯಾಚೆ ಅದನ್ನು ದಿನಾ ನೋಡುತ್ತಿದ್ದೆ: ಕೆಂಪು ಮಣ್ಣು, ಮೂಲೆಯಲ್ಲಿ ಎರಡು ಅತ್ತಿ ಮರ, ಬೆಳಿಗ್ಗೆ ಎಂಟೂವರೆವರೆಗೆ ಬೀಗ. ಮುಖ್ಯ ಶಿಕ್ಷಕಿಯನ್ನು ಕಂಡು ಅರ್ಜಿ ಕೊಟ್ಟೆ. ‘ನೀವು ಜವಾಬ್ದಾರಿ ತಗೊಳ್ತೀರಾ ಸಾರ್?’ ಎಂದಷ್ಟೇ ಕೇಳಿದರು. ಮುಚ್ಚಳಿಕೆ ಬರೆದುಕೊಟ್ಟು ಬೀಗದ ಕೈ ಪಡೆದೆ. ಐದೂಮುಕ್ಕಾಲಕ್ಕೆ ತೆರೆದು ಏಳೂವರೆಗೆ ಮುಚ್ಚುವುದು ನನ್ನ ಹೊಣೆ. ಓಡುವ ಉತ್ಸಾಹ ಆ ದಿನ ಮರಳಿತೆಂದು ಹೇಳಿದರೆ ಸುಳ್ಳಾಗುತ್ತದೆ. ಮರಳಿದ್ದು ಬಾಗಿಲು ತೆರೆಯಬೇಕೆಂಬ ಕರ್ತವ್ಯ. ಮೊದಲ ವಾರ ನಾನೊಬ್ಬನೇ. ತಿಂಗಳೊಳಗೆ ಒಂಬತ್ತು ಜನರಾದರು: ಒಬ್ಬ ಬ್ಯಾಂಕ್ ನೌಕರ, ಇಬ್ಬರು ಗೃಹಿಣಿಯರು, ಅದೇ ಶಾಲೆಯ ಮೂವರು ಮಕ್ಕಳು, ಆಹಾರ ತಲುಪಿಸುವ ಕೆಲಸ ಮಾಡುತ್ತ ಸೇನಾ ಭರ್ತಿಗೆ ತಯಾರಾಗುತ್ತಿದ್ದ ರಾಯಚೂರು ಕಡೆಯ ಹುಡುಗ. ಒಂದು ದಿನ ನಾನು ಆರು ಗಂಟೆಗೆ ಹೋದಾಗ ಆ ಹುಡುಗ ಗೇಟಿನ ಹೊರಗೆ ಕುಕ್ಕರಗಾಲಲ್ಲಿ ಕೂತಿದ್ದ. ‘ಯಾಕ್ರೀ ಅಜ್ಜಾರ, ಇವತ್ತು ತಡಾ ಆತು?’ ಎಂದ. ಸಾಹೇಬ್ರು ಹೋಗಿ ಅಜ್ಜಾರು ಬಂದಿದ್ದರು, ಕೇಳುವವರೊಬ್ಬರು ಸಿಕ್ಕಿದ್ದರು. ಹದಿನಾಲ್ಕು ತಿಂಗಳ ದಿನಚರಿಯಲ್ಲಿ ಖಾಲಿ ಬಿದ್ದ ಪುಟಗಳು ಕಡಿಮೆ.

ಆದರೆ ಇದು ಹಕ್ಕಾಗಿರಲಿಲ್ಲ, ಉಪಕಾರವಾಗಿತ್ತು. ಉಪಕಾರಗಳ ಆಯುಷ್ಯ ಮುಂದಿನ ವರ್ಗಾವಣೆಯವರೆಗೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮುಖ್ಯ ಶಿಕ್ಷಕಿ ನಿವೃತ್ತರಾದರು. ಅವರ ಸ್ಥಾನಕ್ಕೆ ಬಂದವರು ಸಜ್ಜನರೇ; ಲಿಖಿತ ಆದೇಶವಿಲ್ಲದೆ ಹೊರಗಿನವರಿಗೆ ಬೀಗದ ಕೈ ಕೊಡಲಾರೆ ಎಂದರು. ಯಾರಾದರೂ ಬಿದ್ದರೆ, ಏನಾದರೂ ಕಳುವಾದರೆ ಹೊಣೆ ಅವರದೇ. ಅವರ ಜಾಗದಲ್ಲಿದ್ದಿದ್ದರೆ ನಾನೂ ಹಾಗೆಯೇ ಬರೆಯುತ್ತಿದ್ದೆ.

ಆದ್ದರಿಂದ ನಾನು ಕೇಳುತ್ತಿರುವುದು ಒಂದು ಸುತ್ತೋಲೆಯನ್ನು. ನಗರದ ಸರ್ಕಾರಿ ಶಾಲಾ ಮೈದಾನಗಳು ಬೆಳಗಿನ ಎರಡು ಗಂಟೆ ತೆರೆದಿರಲಿ. ಶಾಲಾಭಿವೃದ್ಧಿ ಸಮಿತಿ ಸ್ಥಳೀಯರಿಂದ ಮುಚ್ಚಳಿಕೆ ಪಡೆಯಲಿ, ಬೇಕಿದ್ದರೆ ಠೇವಣಿಯನ್ನೂ. ಆದೇಶ ಪಾಲಿಸಿದ ಮುಖ್ಯ ಶಿಕ್ಷಕರನ್ನು ಅಪಘಾತಕ್ಕೆ ಹೊಣೆ ಮಾಡುವಂತಿಲ್ಲ ಎಂಬ ಸಾಲು ಅದರಲ್ಲಿ ಸ್ಪಷ್ಟವಾಗಿರಲಿ; ಇಡೀ ವಿಷಯ ನಿಂತಿರುವುದೇ ಆ ಸಾಲಿನ ಮೇಲೆ. ಮೈದಾನವನ್ನು ಕ್ರಿಕೆಟ್ ಪಂದ್ಯಗಳಿಗೆ ಬಾಡಿಗೆಗೆ ಬಿಡುವ ದಂಧೆಗೆ ಅವಕಾಶವಿರಕೂಡದು. ನ್ಯೂಯಾರ್ಕ್ ನಗರ 2007ರಿಂದಲೇ ಶಾಲೆಗಳ ಅಂಗಳಗಳನ್ನು ತರಗತಿಯಿಲ್ಲದ ಹೊತ್ತಿನಲ್ಲಿ ನೆರೆಹೊರೆಯವರಿಗೆ ತೆರೆಯುವ ಯೋಜನೆ ಹಾಕಿಕೊಂಡಿತು. ಉದ್ಯಾನ, ಆಟದ ಮೈದಾನಗಳನ್ನು ರಕ್ಷಿಸಲು ನಮ್ಮಲ್ಲಿ 1985ರ ಕಾಯ್ದೆ ಇದೆ. ರಕ್ಷಿಸಿದ ಬಯಲಿನೊಳಕ್ಕೆ ಜನರನ್ನು ಬಿಡುವುದಕ್ಕೆ ಹೊಸ ಭೂಮಿ ಬೇಕಿಲ್ಲ, ಅನುದಾನವೂ ಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಅರವತ್ತೈದು ದಾಟಿದವರಿಗೂ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ವ್ಯಾಯಾಮ ವಿಧಿಸಿದೆ. ಎಲ್ಲಿ ಮಾಡಬೇಕೆಂದು ಹೇಳುವುದು ಅದರ ಕೆಲಸವಲ್ಲ.

ಅರ್ಜಿ ಕೊಟ್ಟು ನಲವತ್ತೊಂದು ದಿನಗಳಾದವು. ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂದಿದೆ. ಸದ್ಯಕ್ಕೆ ನಾವು ಆರು ಜನ ಶಾಲೆಯ ಕಾಂಪೌಂಡಿನ ಹೊರಗಿನ ರಸ್ತೆಯಲ್ಲಿ ಸುತ್ತುತ್ತಿದ್ದೇವೆ. ಹಾಲಿನ ವ್ಯಾನು ಬರುವ ಮೊದಲು ಹನ್ನೆರಡು ಸುತ್ತು ಮುಗಿಯಬೇಕು. ರಾಯಚೂರಿನ ಹುಡುಗ ಈಚೆಗೆ ಬರುತ್ತಿಲ್ಲ.