ನನಗೂ ಲೆಕ್ಕ ಬರ್ತಿರಲಿಲ್ಲ

ಕಳೆದ ತಿಂಗಳು ಪಕ್ಕದ ಮನೆಯ ಹುಡುಗಿ ಗಣಿತದ ಪುಸ್ತಕ ಹಿಡಿದು ನಮ್ಮ ಮನೆಗೆ ಬಂದಳು. ಹತ್ತನೇ ತರಗತಿ. ಕಿರುಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಐದು. ಅತ್ತು ಅತ್ತು ಕಣ್ಣು ಕೆಂಪಗಾಗಿತ್ತು. ಹಿಂದೆಯೇ ಬಂದ ತಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಕ್ಕರು: "ಬಿಡಿ, ನನಗೂ ಲೆಕ್ಕ ಬರ್ತಿರಲಿಲ್ಲ. ನಮ್ಮ ಮನೆತನದ ಹೆಣ್ಣುಮಕ್ಕಳಿಗೆ ಅದು ತಲೆಗೆ ಹತ್ತಿದ್ದೇ ಇಲ್ಲ."

ಇದೇ ಮಾತನ್ನು ನಾನೂ ಎಷ್ಟೋ ಸಲ ನಗುತ್ತ ಆಡಿದ್ದೇನೆ. ಆದರೆ ಅಂದು ಹುಡುಗಿಯ ಮುಖ ನೋಡಿದೆ. ತಾಯಿಯ ಮಾತಿನಿಂದ ಅವಳಿಗೆ ಸಮಾಧಾನವಾಗಿತ್ತು. ನಿರಾಳವಾಗಿ ಪುಸ್ತಕ ಮುಚ್ಚಿದಳು. ನನಗೆ ಸಿಟ್ಟು ಬಂದದ್ದು ಆ ಸಮಾಧಾನವನ್ನು ಕಂಡು. ಹೆಣ್ಣಿನ ಬುದ್ಧಿ ಮೊಣಕಾಲ ಕೆಳಗೆ ಎಂದು ಗಂಡಸರು ಅಂದರೆ ಜಗಳಕ್ಕೆ ನಿಲ್ಲುವ ನಾವು, ಅದನ್ನೇ ನಗುನಗುತ್ತಾ ಮಗಳ ಕಿವಿಗೆ ಊದುತ್ತಿದ್ದೇವಲ್ಲ!

ಹುಡುಗಿಗೆ ತಪ್ಪಿದ ಲೆಕ್ಕ ಯಾವುದು? ಎರಡು ಸಮೀಕರಣ, ಗೊತ್ತಿಲ್ಲದ ಎರಡು ಸಂಖ್ಯೆ. ಪುಸ್ತಕದಲ್ಲಿ ಇದಕ್ಕೆ 'ವರ್ಜಿಸುವ ವಿಧಾನ' ಎಂಬ ಗಡುಸು ಹೆಸರು. ಈ ಲೆಕ್ಕವನ್ನು ನಾನು ಮೊದಲು ಕಂಡದ್ದು ಕರಿಹಲಗೆಯ ಮೇಲಲ್ಲ, ಒಲೆಯ ಮುಂದೆ.

ನನ್ನ ತವರು ಶಿಕಾರಿಪುರ, ಸೊರಬದ ಕಡೆಯ ಅಂಬ್ಲಿಗೊಳ. ಜಲಾಶಯದಿಂದಾಗಿ ಹೆಸರು ಕೇಳಿದವರಿರಬಹುದು. ಎಂಬತ್ತರ ದಶಕದ ಆರಂಭ, ನಾಟಿಯ ಕಾಲ. ಆಳುಗಳ ಲೆಕ್ಕವೆಲ್ಲ ದೊಡ್ಡಪ್ಪನದು. ಯಾರಿಗೆ ಎಷ್ಟು ಕೂಲಿ ಎಂಬುದನ್ನು ಮನೆಯ ಹೆಂಗಸರಿಗೆ ಹೇಳುವ ರೂಢಿಯಿಲ್ಲ. ಪಡಸಾಲೆಯಲ್ಲಿ ಅವರು ಗೊಣಗಿಕೊಂಡಾಗ ಒಟ್ಟು ಮೊತ್ತ ಒಳಗೆ ಕೇಳಿಸುತ್ತಿತ್ತು, ಅಷ್ಟೆ. ಮೊದಲ ದಿನ ನಾಲ್ಕು ಗಂಡಾಳು, ಆರು ಹೆಣ್ಣಾಳು, 70 ರೂಪಾಯಿ. ಮರುದಿನ ನಾಲ್ಕು ಗಂಡಾಳು, ಒಂಬತ್ತು ಹೆಣ್ಣಾಳು, 85 ರೂಪಾಯಿ. ತಲೆ ಎಣಿಕೆ ಅಮ್ಮನಿಗೆ ಗೊತ್ತು. ಊಟ ಬಡಿಸುವವಳು ಅವಳೇ ತಾನೆ?

ರೊಟ್ಟಿ ತಟ್ಟುತ್ತಲೇ ಅಮ್ಮ ಅಂದಳು: "ಗಂಡಾಳು ಎರಡು ದಿನವೂ ಅಷ್ಟೇ ಜನ. ಹೆಚ್ಚಾದದ್ದು ಮೂವರು ಹೆಂಗಸರು, ಹದಿನೈದು ರೂಪಾಯಿ. ಅಂದರೆ ಹೆಣ್ಣಾಳಿಗೆ ಐದು. ಮೊದಲ ದಿನದ ಎಪ್ಪತ್ತರಲ್ಲಿ ಆರು ಹೆಂಗಸರ ಮೂವತ್ತು ಕಳೆದರೆ ನಲವತ್ತು. ಗಂಡಾಳಿಗೆ ಹತ್ತು."

ಮೂರನೇ ತರಗತಿಗೆ ಶಾಲೆ ಬಿಟ್ಟವಳು ನನ್ನಮ್ಮ. ಎರಡೂ ಕಡೆ ಸಮನಾಗಿರುವುದನ್ನು ಕಳೆದು ಬದಿಗಿಟ್ಟಳು, ಉಳಿದ ಒಂದನ್ನು ಕಂಡುಕೊಂಡಳು, ಅದನ್ನು ಹಿಡಿದು ಹಿಂದಕ್ಕೆ ಹೋಗಿ ಬದಿಗಿಟ್ಟದ್ದನ್ನೂ ಪತ್ತೆ ಮಾಡಿದಳು. ವರ್ಜಿಸುವ ವಿಧಾನ ಎಂದರೆ ಇಷ್ಟೇ.

ಅಮ್ಮ ಅಷ್ಟಕ್ಕೇ ಬಿಡಲಿಲ್ಲ. ಒಂದೇ ಗದ್ದೆ, ಒಂದೇ ಹೊತ್ತು, ಸೊಂಟ ಬಗ್ಗಿಸಿ ನಿಂತವರಿಗೆ ಅರ್ಧ ಕೂಲಿ ಯಾಕೆ ಎಂದು ಕೇಳಿಯೇಬಿಟ್ಟಳು. ಸಮಾನ ವೇತನದ ಕಾನೂನು 1976ರಲ್ಲೇ ಬಂದಿತ್ತು. ನಮ್ಮ ಪಡಸಾಲೆಗೆ ಬಂದಿರಲಿಲ್ಲ. "ಹೆಂಗಸರಿಗ್ಯಾಕೆ ಲೆಕ್ಕ?" ಎಂದರು ದೊಡ್ಡಪ್ಪ. ಆ ವರ್ಷ ಕೂಲಿಯೇನೂ ಹೆಚ್ಚಲಿಲ್ಲ. ಆದರೆ ಅಂದಿನಿಂದ ದೊಡ್ಡಪ್ಪ ಮೊತ್ತವನ್ನು ಗಟ್ಟಿಯಾಗಿ ಹೇಳುವುದನ್ನು ನಿಲ್ಲಿಸಿದರು. ಲೆಕ್ಕ ಬರುವ ಹೆಂಗಸಿಗೆ ಮನೆ ಯಾಕೆ ಹೆದರುತ್ತದೆ ಎಂಬುದು ನನಗೆ ತಿಳಿಯಲು ಇಪ್ಪತ್ತು ವರ್ಷ ಬೇಕಾಯಿತು.

ಮುಂದೆ ಇದೇ ಲೆಕ್ಕ ಶಾಲೆಯಲ್ಲಿ ಬಂದಾಗ ನನಗೆ ಗುರುತೇ ಸಿಗಲಿಲ್ಲ. "ಚಿಹ್ನೆ ಬದಲಿಸಿ, ಕಳೆಯಿರಿ" ಎಂದು ಬಾಯಿಪಾಠ ಮಾಡಿಸಿದರು. ಯಾಕೆ ಬದಲಿಸಬೇಕು, ಯಾವುದರಿಂದ ಯಾವುದನ್ನು ಕಳೆಯುತ್ತಿದ್ದೇವೆ ಎಂದು ಯಾರೂ ಹೇಳಲಿಲ್ಲ. ಎಕ್ಸ್ ಎಂದರೆ ಗಂಡಾಳು, ವೈ ಎಂದರೆ ಹೆಣ್ಣಾಳು ಎಂದಿದ್ದರೆ ಸಾಕಿತ್ತು. ನಾನು ಕಲಾ ವಿಭಾಗಕ್ಕೆ ಓಡಿದೆ, ನನಗೆ ಲೆಕ್ಕ ಬರುವುದಿಲ್ಲ ಎಂಬ ಹಣೆಪಟ್ಟಿ ಕಟ್ಟಿಕೊಂಡು.

ಇದು ಪರದೇಶದಿಂದ ಬಂದ ವಿದ್ಯೆಯೂ ಅಲ್ಲ ನೋಡಿ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, 850ರ ಸುಮಾರಿಗೆ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದ. ಅದರಲ್ಲೊಂದು ಸಂತೆಯ ಲೆಕ್ಕ: 9 ಮಾದಲ ಹಣ್ಣು, 7 ಬೇಲದ ಹಣ್ಣಿಗೆ ಒಟ್ಟು ಬೆಲೆ 107, 7 ಮಾದಲ, 9 ಬೇಲಕ್ಕೆ 101. ಒಂದೊಂದರ ಬೆಲೆ ಎಷ್ಟು?

ಹೆದರಬೇಡಿ. ಎರಡೂ ಚೀಟಿ ಕೂಡಿಸಿ: 16 ಮಾದಲ, 16 ಬೇಲ, 208. ಅಂದರೆ ಒಂದು ಜೊತೆಗೆ 13. ಮೊದಲನೆಯದರಲ್ಲಿ ಎರಡನೆಯದನ್ನು ಕಳೆಯಿರಿ: ಎರಡು ಮಾದಲ ಹೆಚ್ಚು, ಎರಡು ಬೇಲ ಕಡಿಮೆ, ವ್ಯತ್ಯಾಸ 6. ಹಾಗಾಗಿ ಒಂದು ಮಾದಲ ಒಂದು ಬೇಲಕ್ಕಿಂತ 3 ದುಬಾರಿ. ಜೊತೆಗೆ 13, ನಡುವೆ ಅಂತರ 3. ಮಾದಲ 8, ಬೇಲ 5. ಬೇಳೆ ಆರಿಸುತ್ತ ಮಾಡಬಹುದಾದ ಲೆಕ್ಕ!

ಆ ಗ್ರಂಥವನ್ನು ಕನ್ನಡಕ್ಕೆ ತಂದವರು ಯಾರು ಗೊತ್ತೇ? ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಗಣಿತ ಕಲಿಸಿದ ಪದ್ಮಾವತಮ್ಮ. 2000ದಲ್ಲಿ ಅದನ್ನು ಪ್ರಕಟಿಸಿದ್ದು ನಮ್ಮ ಜಿಲ್ಲೆಯದೇ ಆದ ಹೊಂಬುಜದ ಜೈನ ಮಠ. ಹೆಣ್ಣಿನ ತಲೆಗೆ ಹತ್ತದ ವಿದ್ಯೆಯಂತೆ!

ಈಗ ಫೋನಿನಲ್ಲೇ ಎಲ್ಲ ಲೆಕ್ಕ ಆಗುತ್ತದಲ್ಲ, ಇದೆಲ್ಲ ಯಾಕೆ ಎನ್ನುವವರಿದ್ದಾರೆ. ಆಗುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಯಾವ ಎರಡು ಚೀಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕೆಂಬ ಅನುಮಾನ ಫೋನಿಗೆ ಹುಟ್ಟುವುದಿಲ್ಲ, ನಮಗೇ ಹುಟ್ಟಬೇಕು. ಒಂದೇ ಮೊತ್ತ ತೋರಿಸಿದವನು ಅದರೊಳಗೆ ಎರಡು ದರಗಳನ್ನು ಆರಾಮವಾಗಿ ಬಚ್ಚಿಡಬಹುದು. ಆದ್ದರಿಂದ ಎರಡನೆಯ ಚೀಟಿ ಕೇಳಬೇಕು. ಅದೂ ಮೊದಲನೆಯದರ ದುಪ್ಪಟ್ಟಷ್ಟೇ ಆಗಿದ್ದರೆ ಹೊಸದೇನೂ ತಿಳಿಯದು, ಬೇರೊಂದು ಕೇಳಬೇಕು. ಇಷ್ಟು ಕಲಿತ ಹುಡುಗಿಯನ್ನು ಕೂಲಿಯಲ್ಲಾಗಲಿ, ಸಾಲದಲ್ಲಾಗಲಿ, ಗಂಡನ ಮನೆಯ ಖರ್ಚಿನಲ್ಲಾಗಲಿ ಮೋಸ ಮಾಡುವುದು ಸುಲಭವಲ್ಲ.

ಅಂದು ಆ ಹುಡುಗಿಗೆ ಅಮ್ಮನ ಆಳುಗಳ ಲೆಕ್ಕ ಹೇಳಿದೆ. ಅವಳು ಪೆನ್ಸಿಲ್ ಹುಡುಕುವಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಅವಳ ತಾಯಿ, "ಹೆಣ್ಣಾಳಿಗೆ ಐದಲ್ವಾ?" ಎಂದರು. ಮಗಳು ತಿರುಗಿ ತಾಯಿಯನ್ನೇ ನೋಡಿದಳು.

ಅಕ್ಕಂದಿರೇ, ನಮಗೆ ಲೆಕ್ಕ ಬರುತ್ತಿತ್ತು. ಬರುವುದಿಲ್ಲ ಎಂದು ನಂಬಿಸಿದರು, ನಂಬಿದೆವು. ಮಗಳ ಮುಂದೆಯಾದರೂ ಆ ಸುಳ್ಳು ಹೇಳುವುದು ಬೇಡ.