ಫೈಲಿಗೆ ಕನ್ನಡದ ಹೆಸರೇ ಇರಲಿ

ಊರಿಗೆ ಹೋದಾಗಲೆಲ್ಲ ಅಜ್ಜಿ ಹಾಡುವ ಪದಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ತರುತ್ತೇನೆ. ಬೀಸುವ ಪದ, ಸೋಬಾನೆ ಪದ, ಮಳೆ ಪದ ಎಂದು ಅಜ್ಜಿ ಕರೆದ ಹೆಸರೇ ಫೈಲಿಗೂ ಹೆಸರು. ಪುಣೆಯ ಕೋಣೆಯಲ್ಲಿ ಕೂತು, ಅವುಗಳ ಪಟ್ಟಿಯನ್ನು ಒಂದು ಫೈಲಿಗೆ ಬರೆಯಲು ಪರ್ಲ್‌ನಲ್ಲಿ ಹತ್ತು ಸಾಲಿನ ಪ್ರೋಗ್ರಾಮ್ ಮಾಡಿದೆ. ಪಟ್ಟಿ ತೆರೆದರೆ ಕನ್ನಡವೇ ಇಲ್ಲ, ಬರೀ ಕಸ. ಪಕ್ಕದ ಕೋಣೆಯ ಗೆಳೆಯ, ಅವನೂ ಕನ್ನಡದವನೇ, ಇಣುಕಿ ನೋಡಿ ನಕ್ಕ: "ಫೈಲಿಗೆ ಯಾರಾದ್ರೂ ಕನ್ನಡದಲ್ಲಿ ಹೆಸರಿಡ್ತಾರೇನೋ? ಇಂಗ್ಲಿಷ್‌ಗೆ ಬದಲಾಯ್ಸು, ಸರಿ ಹೋಗತ್ತೆ."

ಈ ಸಲಹೆಯನ್ನು ನಮ್ಮವರಿಂದ ಎಷ್ಟೋ ಸಲ ಕೇಳಿದ್ದೇನೆ. ಇದು ಜಾಣತನವಲ್ಲ, ಸೋಮಾರಿತನ.

ತಪ್ಪು ಎಲ್ಲಿತ್ತು? ಲಿನಕ್ಸ್‌ನಲ್ಲಿ ಪರ್ಲ್‌ನ ರೀಡ್‌ಡಿರ್ ಫೈಲಿನ ಹೆಸರನ್ನು ಅಕ್ಷರಗಳಾಗಿ ಅಲ್ಲ, ಬೈಟುಗಳಾಗಿ ಕೊಡುತ್ತದೆ. ಯುಟಿಎಫ್-8ರಲ್ಲಿ 'ಮ' ಎಂದರೆ 3 ಬೈಟು. ಪಟ್ಟಿಯ ಫೈಲನ್ನು ನಾನು ಯುಟಿಎಫ್-8 ಎಂದು ಹೇಳಿಯೇ ತೆರೆದಿದ್ದೆ; ಬಂದ ಹೆಸರನ್ನು ಮಾತ್ರ ಡಿಕೋಡ್ ಮಾಡಿರಲಿಲ್ಲ. ಪರ್ಲ್ ಆ ಮೂರು ಬೈಟುಗಳನ್ನು ಮೂರು ಬೇರೆ ಅಕ್ಷರಗಳೆಂದು ತಿಳಿದು ಮತ್ತೊಮ್ಮೆ ಎನ್‌ಕೋಡ್ ಮಾಡಿತು. 3 ಇದ್ದದ್ದು 6 ಆಯಿತು, 'ಮ' ಮಾಯವಾಯಿತು. ಎನ್‌ಕೋಡ್ ಮಾಡ್ಯೂಲ್ ಕರೆದು, ಹೆಸರನ್ನು ಡಿಕೋಡ್ ಮಾಡುವ ಒಂದು ಸಾಲು ಸೇರಿಸಿದೆ, ಪಟ್ಟಿ ಸರಿಯಾಯಿತು. ಈ ಸೌಲಭ್ಯ 2002ರ ಪರ್ಲ್ 5.8ರಿಂದಲೇ ಇದೆ. ತಪ್ಪು ನನ್ನದು, ಬೈಸಿಕೊಂಡದ್ದು ಕನ್ನಡ.

ಗೆಳೆಯನ ಮಾತು ಕೇಳಿದ್ದರೆ? ಅಜ್ಜಿಯ ಬಳಿ 'ಮಳೆ ಪದ' ಇದೆ, ಮಾದಪ್ಪನ ಬೆಟ್ಟದ 'ಮಲೆ ಪದ'ವೂ ಇದೆ. ನಾವು ಮೆಸೇಜಿನಲ್ಲಿ ಬಳಸುವ ಇಂಗ್ಲಿಷ್ ಅಕ್ಷರದಲ್ಲಿ ಎರಡಕ್ಕೂ ಸ್ಪೆಲಿಂಗ್ ಒಂದೇ. ಲಿನಕ್ಸ್‌ನಲ್ಲಿ ಪರ್ಲ್‌ನ ರಿನೇಮ್, ಅದೇ ಹೆಸರಿನ ಫೈಲ್ ಮೊದಲೇ ಇದ್ದರೆ ನಿಮ್ಮನ್ನು ಕೇಳುವುದಿಲ್ಲ. ಹಳೆಯದನ್ನು ಅಳಿಸಿ ಹೊಸದನ್ನು ಕೂರಿಸುತ್ತದೆ. ಒಂದು ಪದ ಹೋಯಿತು. ಅಜ್ಜಿಗೆ ಈಗ 86. ಇನ್ನೊಮ್ಮೆ ಹಾಡಜ್ಜಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಕನ್ನಡದ ಹೆಸರಿಗೆ ತೊಡಕೇ ಇಲ್ಲ ಎನ್ನುವುದಿಲ್ಲ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಫೈಲಿನ ಹೆಸರು 255 ಬೈಟು ಮೀರುವಂತಿಲ್ಲ. ಗುಣಿತದ ಗುರುತುಗಳಿಗೂ ತಲಾ 3 ಬೈಟು ಬೇಕು, ಒತ್ತಿಗೆ 6. ಹಾಗಾಗಿ ನಮಗೆ ಸಿಗುವುದು 85 ಸಂಕೇತ ಮಾತ್ರ. ಆದರೆ ಅಜ್ಜಿಯ ಯಾವ ಪದಕ್ಕೂ ಅಷ್ಟುದ್ದದ ಹೆಸರಿಲ್ಲ.

ಪರ್ಲ್ ಕಟ್ಟಿದ ಲ್ಯಾರಿ ವಾಲ್ ಭಾಷಾವಿಜ್ಞಾನ ಓದಿದವರು. ಲಿಪಿಯಿಲ್ಲದ ಭಾಷೆಯೊಂದಕ್ಕೆ ಲಿಪಿ ರೂಪಿಸಬೇಕೆಂದು ಆಸೆಪಟ್ಟಿದ್ದವರು. ಅವರು ಕೊಟ್ಟ ಸಾಧನ ಹಿಡಿದುಕೊಂಡು, ಇರುವ ಲಿಪಿಯನ್ನೇ ಬಿಡಲು ಹೊರಟಿದ್ದೇವೆ ನಾವು.

ಮುಂದಿನ ಸಲ ಪಟ್ಟಿಯಲ್ಲಿ ಕಸ ಕಂಡರೆ, ಹೆಸರು ಬದಲಾಯಿಸುವ ಮೊದಲು ನಿಮ್ಮ ಪ್ರೋಗ್ರಾಮನ್ನು ಇನ್ನೊಮ್ಮೆ ಓದಿ. ತಿಳಿಯದಿದ್ದರೆ ಕೇಳಿ, ಭಾನುವಾರ ನನಗೆ ಬಿಡುವಿರುತ್ತದೆ.