ಸೈಲೆನ್ಸರ್ ಆರಿಸೋದು ಕಿವಿಯಿಂದಲ್ಲ

ಈ ಸಲ ಬೆಳೆ ವಿಚಾರ ಅಲ್ಲ, ಗಾಡಿ ವಿಚಾರ. ಆದ್ರೆ ಇದೂ ಬೇಸಾಯದ ಖರ್ಚೇ. ಟ್ರ್ಯಾಕ್ಟರ್ ಇಲ್ಲದ ರೈತರು ಬೇಕಾದಷ್ಟು ಜನ ಇದ್ದಾರೆ, ಬೈಕ್ ಇಲ್ಲದವರು ನಮ್ಮ ಸುತ್ತಮುತ್ತ ಎಷ್ಟು ಜನ ಹೇಳಿ? ಡೈರಿಗೆ ಹಾಲಿನ ಕ್ಯಾನು, ಸೊಸೈಟಿಯಿಂದ ಗೊಬ್ಬರದ ಮೂಟೆ, ತೋಟದಿಂದ ಹುಲ್ಲಿನ ಹೊರೆ, ಎಲ್ಲಾ ಅದರ ಮೇಲೇ. ಅಂಥ ಗಾಡಿಯ ಸೈಲೆನ್ಸರ್ ತೂತು ಬಿದ್ರೆ ಏನು ಮಾಡ್ತೀವಿ? ಮೆಕ್ಯಾನಿಕ್ ಹೇಳಿದ್ದನ್ನ ಹಾಕಿಸ್ತೀವಿ, ಇಲ್ಲಾ ಮಗ ಕೇಳಿದ್ದನ್ನ ಹಾಕಿಸ್ತೀವಿ. ಎರಡೂ ತಪ್ಪು ಅನ್ನೋದು ನನ್ನ ವಾದ. ಕೆಲವರಿಗೆ ಬೇಜಾರಾಗಬಹುದು, ಆದ್ರೂ ಪೂರ್ತಿ ಓದಿ.

ಮೊದಲು ತೂತು ಯಾಕೆ ಬೀಳುತ್ತೆ ತಿಳ್ಕೊಳ್ಳಿ. ಒಂದು ಲೀಟರ್ ಪೆಟ್ರೋಲ್ ಉರಿದ್ರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತೆ. ಚಳಿಗಾಲದ ಬೆಳಿಗ್ಗೆ ಸೈಲೆನ್ಸರ್ ಬಾಯಿಂದ ತೊಟ್ಟಿಕ್ಕೋದು ಅದೇ. ಗಾಡಿ ದೂರ ಓಡಿದ್ರೆ ಪೈಪು ಚೆನ್ನಾಗಿ ಕಾದು ನೀರೆಲ್ಲಾ ಆವಿಯಾಗಿ ಹೋಗುತ್ತೆ. ನಮ್ಮದು ಮನೆಯಿಂದ ಡೈರಿ, ಡೈರಿಯಿಂದ ಮನೆ. ಪೈಪು ಕಾಯೋದ್ರೊಳಗೆ ಗಾಡಿ ಆಫ್. ನೀರು ಒಳಗೇ ನಿಂತು ತಗಡನ್ನ ಒಳಗಿಂದ ತಿನ್ನುತ್ತೆ. ಹೊರಗಿಂದ ಕೆಸರು, ಸಗಣಿ, ಯೂರಿಯಾ ಪುಡಿ. ಎಷ್ಟೋ ಸೈಲೆನ್ಸರುಗಳ ತಳದಲ್ಲಿ ಈ ನೀರು ಹೋಗಲಿ ಅಂತಾನೇ ಸಣ್ಣ ತೂತು ಕೊಟ್ಟಿರ್ತಾರೆ. ನಮ್ಮೋರು ಅದನ್ನೂ ಲೀಕು ಅಂದ್ಕೊಂಡು ವೆಲ್ಡಿಂಗ್ ಮಾಡಿಸಿ ಮುಚ್ಚಿಬಿಡ್ತಾರೆ! ಆಮೇಲೆ ವರ್ಷದೊಳಗೆ ಸೈಲೆನ್ಸರ್ ಹೋಯ್ತು ಅಂತ ಕಂಪನಿಗೆ ಬೈತಾರೆ.

ಈಗ ಜೋರು ಸದ್ದಿನ ಸೈಲೆನ್ಸರ್ ಮಾತಿಗೆ ಬರ್ತೀನಿ. ಅದಕ್ಕೆ ಹುಡುಗರು ಕೊಡೋ ಕಾರಣ ಮೂರು.

ಒಂದನೇದು, ಪಿಕಪ್ ಜಾಸ್ತಿ ಆಗುತ್ತೆ. ಆಗಲ್ಲ ಕಣ್ರಪ್ಪ. ನೂರು ಸಿಸಿ ಇಂಜಿನ್ನಿಗೆ ಪೈಪಿನ ಅಗಲ ಉದ್ದ ಲೆಕ್ಕ ಹಾಕಿಯೇ ಇಟ್ಟಿರ್ತಾರೆ. ಹೊಗೆ ಒಂದೊಂದು ಬಡಿತಕ್ಕೂ ಹೊರಟು, ಹಿಂದಿನದ್ದು ಮುಂದಿನದ್ದನ್ನ ಎಳ್ಕೊಳ್ಳೋ ಹಾಗೆ. ಒಳಗಿನ ಗೋಡೆಗಳನ್ನ ಕಿತ್ತು ಖಾಲಿ ಡಬ್ಬ ಮಾಡಿದ್ರೆ ಕಡಿಮೆ ವೇಗದಲ್ಲಿ ಎಳೆಯೋ ಶಕ್ತಿ ಕುಗ್ಗುತ್ತೆ. ನಮಗೆ ಬೇಕಾಗಿರೋದೇ ಅದು. ಎರಡು ಕ್ಯಾನು ಕಟ್ಕೊಂಡು ಕೆರೆ ಏರಿ ಹತ್ತೋವಾಗ ನೂರರ ಸ್ಪೀಡು ಯಾರಿಗೆ ಬೇಕು? ಸದ್ದು ಹೆಚ್ಚಾದ್ರೆ ಶಕ್ತಿ ಹೆಚ್ಚಾದ ಹಾಗೆ ಕಿವಿಗೆ ಅನ್ನಿಸುತ್ತೆ, ಚಕ್ರಕ್ಕೆ ಅನ್ನಿಸಲ್ಲ. ಕಾರ್ಬೊರೇಟರ್ ಗಾಡಿ ಆದ್ರೆ ಗಾಳಿ ಪೆಟ್ರೋಲ್ ಹೊಂದಾಣಿಕೆ ತಪ್ಪಿ, ಆಕ್ಸಿಲರೇಟರ್ ಬಿಟ್ಟಾಗ ಪಟಪಟ ಅಂತ ಸಿಡಿಯುತ್ತೆ. ಅದನ್ನೂ ಸ್ಟೈಲು ಅಂತಾರೆ!

ಎರಡನೇದು, ಸದ್ದಿದ್ರೆ ಎದುರಿಗಿರೋರು ಸರೀತಾರೆ, ಆಕ್ಸಿಡೆಂಟ್ ಆಗಲ್ಲ. ಪೈಪಿನ ಬಾಯಿ ಯಾವ ಕಡೆ ಇದೆ ನೋಡಿ. ಹಿಂದಕ್ಕೆ. ಮುಂದೆ ಹೋಗ್ತಿರೋ ಲಾರಿಯವನಿಗೆ ಕೇಳೋದು ಕೊನೆಗೆ, ಹಿಂದೆ ಅಂಗಳದಲ್ಲಿ ಮಲಗಿರೋ ಕೂಸಿಗೆ ಕೇಳೋದು ಮೊದಲು. ಎದುರಿನವರು ಸರೀಬೇಕು ಅಂದ್ರೆ ಹಾರ್ನು ರಿಪೇರಿ ಮಾಡಿಸಿ, ಲೈಟು ಹಾಕಿಸಿ.

ಮೂರನೇದು, ನನ್ನ ಗಾಡಿ ನನ್ನಿಷ್ಟ. ಇಲ್ಲೇ ನನಗೆ ಸಿಟ್ಟು ಬರೋದು. ಬೆಳಿಗ್ಗೆ ಐದೂವರೆಗೆ ಊರೆಲ್ಲಾ ಹಾಲು ಕರೀತಿರುತ್ತೆ. ಬೆದರಿದ ಹಸು ಹಾಲು ಇಳಿಸಲ್ಲ, ಇದು ಹೈನು ಮಾಡೋ ಎಲ್ಲರಿಗೂ ಗೊತ್ತಿರೋ ಮಾತು. ಒಬ್ಬನ ಶೋಕಿಗೆ ಒಂದು ಬೀದಿಯ ಹಾಲು ಕಡಿಮೆ ಆಗೋದಾದ್ರೆ ಅದು ಅವನೊಬ್ಬನ ಇಷ್ಟ ಹೇಗಾಗುತ್ತೆ? ಹೊರೆ ಹೊತ್ತು ಬರೋ ಎತ್ತಿನ ಗಾಡಿ ಪಕ್ಕ ಢಂ ಅನ್ನಿಸಿದ್ರೆ ಎತ್ತು ಚರಂಡಿಗೆ ಇಳಿಯುತ್ತೆ. ನಷ್ಟ ಕೊಡೋರ್ಯಾರು?

ಕಾನೂನೂ ಸುಮ್ಮನಿಲ್ಲ. 80ರಿಂದ 175 ಸಿಸಿ ಬೈಕಿಗೆ ಕಂಪನಿಯವರೇ 77 ಡೆಸಿಬಲ್ ಮಿತಿಯೊಳಗೆ ಗಾಡಿ ತಯಾರು ಮಾಡಬೇಕು. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂ ಪ್ರಕಾರ ಸದ್ದು, ಹೊಗೆ ನಿಯಮ ಮೀರಿದ್ರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಅಥವಾ 3 ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ಡಿಎಲ್ಲೂ 3 ತಿಂಗಳು ಹೋಗುತ್ತೆ. ಕಿತ್ತ ಸೈಲೆನ್ಸರುಗಳನ್ನ ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸಿದ್ದನ್ನ ನಮ್ಮ ರಾಜ್ಯದಲ್ಲೇ ನೋಡಿದ್ದೀವಿ. ರೋಲರ್ ಕೆಳಗೆ ಹೋಗೋದು ಮಗನ ದುಡ್ಡಲ್ಲ, ಅಪ್ಪನ ಹಾಲಿನ ಬಟವಾಡೆ.

ಇನ್ನು ಮೆಕ್ಯಾನಿಕ್ ವಿಚಾರ. ಎಲ್ಲರೂ ಹಾಗಲ್ಲ, ಒಳ್ಳೆಯವರೇ ಜಾಸ್ತಿ. ಆದ್ರೆ "ಹಳೇದು ಕೊಟ್ಬಿಡಿ ಅಣ್ಣ, ಹೊಸದಕ್ಕೆ ರೇಟು ಕಮ್ಮಿ ಮಾಡ್ತೀನಿ" ಅಂದ್ರೆ ಒಂದು ನಿಮಿಷ ನಿಲ್ಲಿ. 2020ರ ಏಪ್ರಿಲ್ 1ರಿಂದ ಬಂದಿರೋ ಬಿಎಸ್6 ಗಾಡಿಗಳ ಹೊಗೆ ಕೊಳವೆಯೊಳಗೆ ಜೇನುಗೂಡಿನ ಹಾಗೆ ಒಂದು ತುಂಡು ಇರುತ್ತೆ, ಕ್ಯಾಟಲಿಟಿಕ್ ಕನ್ವರ್ಟರ್ ಅಂತ. ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ. ವಿಷದ ಹೊಗೆಯನ್ನ ಕಡಿಮೆ ಮಾಡೋದು ಅದೇ. ಬೆಲೆಬಾಳೋ ಲೋಹ ಆದ್ದರಿಂದಲೇ ಮಾರುತಿ ಈಕೋ ವ್ಯಾನುಗಳ ಸೈಲೆನ್ಸರ್ ದೇಶದ ಹಲವು ಕಡೆ ಕಳವಾಗಿದ್ದು. ಗುಜರಿ ತಗಡಿನ ಲೆಕ್ಕದಲ್ಲಿ ನಿಮ್ಮ ಹಳೇದನ್ನ ಬಿಟ್ಟುಬಂದ್ರೆ ರಿಯಾಯಿತಿ ಕೊಟ್ಟಿದ್ದು ಅವನಲ್ಲ, ನೀವು.

ಅದಕ್ಕಿಂತ ದೊಡ್ಡ ಏಟು ಬೇರೆ ಇದೆ. ಬಿಎಸ್6 ಗಾಡಿಯ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಇರುತ್ತೆ. ಅದು ಹೊಗೆ ನೋಡಿ ಹೇಳಿದಷ್ಟು ಪೆಟ್ರೋಲ್ ಇಂಜಿನ್ನಿಗೆ ಹೋಗುತ್ತೆ. ಸರಿಯಾಗಿ ಕೂರದ ಲೋಕಲ್ ಪೈಪಿನ ಸಂದಿಯಿಂದ ಹೊರಗಿನ ಗಾಳಿ ನುಗ್ಗಿದ್ರೆ ಸೆನ್ಸರ್ ಮೋಸ ಹೋಗಿ "ಪೆಟ್ರೋಲ್ ಸಾಲ್ತಿಲ್ಲ" ಅನ್ನುತ್ತೆ. ಇಂಜಿನ್ ಇನ್ನಷ್ಟು ಕುಡಿಯುತ್ತೆ. ಸೈಲೆನ್ಸರಿನಲ್ಲಿ ಉಳಿಸಿದ್ದು ಬಂಕಿಗೆ ಹೋಗುತ್ತೆ.

ಹಾಗಂತ ಕಣ್ಣು ಮುಚ್ಚಿ ಶೋರೂಮಿಗೆ ದುಡ್ಡು ಸುರೀರಿ ಅಂತ ನಾನು ಹೇಳ್ತಿಲ್ಲ. ಅಲ್ಲೂ ಹೋದ ತಕ್ಷಣ "ಫುಲ್ ಸೆಟ್ ಬದಲಾಯಿಸಬೇಕು" ಅನ್ನೋರಿದ್ದಾರೆ. ನನ್ನ ಲೆಕ್ಕ ಇಷ್ಟು:

1. ಸದ್ದು ಜಾಸ್ತಿ ಆದ ಕೂಡ್ಲೇ ಸೈಲೆನ್ಸರ್ ಹೋಯ್ತು ಅಂದ್ಕೋಬೇಡಿ. ಬೆಂಡ್ ಪೈಪು ಇಂಜಿನ್ನಿಗೆ ಸೇರೋ ಕಡೆ ಮಸಿ ಕಂಡ್ರೆ ಹೋಗಿರೋದು ಗ್ಯಾಸ್ಕೆಟ್. ಚಿಲ್ಲರೆ ಕಾಸಿನ ಕೆಲಸ.

2. ಪೈಪು ಗಟ್ಟಿಯಾಗಿದ್ದು ಒಂದು ಕಡೆ ಮಾತ್ರ ತೂತಿದ್ರೆ ಒಳ್ಳೆ ವೆಲ್ಡರ್ ಹತ್ರ ಪಟ್ಟಿ ಹಾಕಿಸಿ. ಬೆರಳಿನಲ್ಲಿ ಒತ್ತಿದ್ರೆ ತಗಡು ಕುಸಿಯುತ್ತೆ ಅಂದ್ರೆ ವೆಲ್ಡಿಂಗ್ ದುಡ್ಡು ದಂಡ.

3. ಕನ್ವರ್ಟರ್, ಸೆನ್ಸರ್ ಇಲ್ಲದ ಹಳೇ ಗಾಡಿಗೆ ಒಳ್ಳೆ ಲೋಕಲ್ ಸೈಲೆನ್ಸರ್ ಸಾಕು. ಎತ್ತಿ ತೂಕ ನೋಡಿ. ಹಗುರ ಇದ್ರೆ ತಗಡು ತೆಳು, ಒಳಗೆ ಗೋಡೆಗಳೂ ಕಮ್ಮಿ. ಅಲ್ಲಾಡಿಸಿದ್ರೆ ಗಡಗಡ ಅನ್ನೋದನ್ನ ಅಲ್ಲೇ ಬಿಟ್ಟು ಬನ್ನಿ.

4. ಬಿಎಸ್6 ಗಾಡಿಗೆ ಕಂಪನಿದೇ ಹಾಕಿಸಿ. ಬಿಎಸ್4 ಆದ್ರೂ ಕನ್ವರ್ಟರ್ ಇರಬಹುದು, ಕೇಳಿ ತಿಳ್ಕೊಂಡು ಕಿತ್ತಿಸಿ. ಯಾವ ಬಿಎಸ್ ಅನ್ನೋದು ಆರ್‌ಸಿಯಲ್ಲೇ ನೋಡಬಹುದು.

5. ಕಾಲಿಗೆ ತಾಗೋ ಕಡೆಯ ತಗಡಿನ ಗಾರ್ಡ್ ಇಲ್ಲದ್ದನ್ನ ಎಷ್ಟು ಕಡಿಮೆಗೆ ಕೊಟ್ರೂ ತರಬೇಡಿ. ಹಿಂದೆ ಕೂರೋದು ಹೆಂಡ್ತಿ ಮಕ್ಕಳು, ಮೀನಖಂಡ ಸುಡೋದು ಅವರದ್ದು. ಹುರುಳಿ ರಸ್ತೆ ಮೇಲೆ ಹರಡೋ ಕಾಲದಲ್ಲಂತೂ ಕಾದ ಪೈಪಿಗೆ ಹೊಟ್ಟು, ಬಳ್ಳಿ ಸಿಕ್ಕಿದ್ರೆ ಬೆಂಕಿ. ಗಾಡಿ ನಿಲ್ಲಿಸಿ ಬಿಡಿಸಿ ಹಾಕಿ. ಓಡಿಸಿದ ಗಾಡಿಯನ್ನ ಮೆದೆ ಪಕ್ಕ ನಿಲ್ಲಿಸಲೇಬೇಡಿ.

6. ಹೊಸದು ಕೂರಿಸೋವಾಗ ಹಳೇ ಗ್ಯಾಸ್ಕೆಟ್ ವಾಪಸ್ ಹಾಕಿಸಬೇಡಿ. ಎರಡೂ ನಟ್ಟನ್ನ ಒಂದಾದ ಮೇಲೊಂದು, ಸ್ವಲ್ಪ ಸ್ವಲ್ಪವೇ ಬಿಗಿಸಲಿ. ತುಕ್ಕು ಹಿಡಿದ ನಟ್ಟಿಗೆ ಹಿಂದಿನ ದಿನವೇ ಎಣ್ಣೆ ಬಿಟ್ಟಿಡಿ. ಬಲವಂತ ಮಾಡಿ ಸ್ಟಡ್ ಮುರಿದ್ರೆ ಖರ್ಚು ಹೆಡ್ಡಿನ ತನಕ ಹೋಗುತ್ತೆ.

ಆಮೇಲೆ ವಾರಕ್ಕೊಂದು ಸಲ ಗಾಡಿಯನ್ನ ಅರ್ಧ ಗಂಟೆ ದೂರ ಓಡಿಸಿ, ಒಳಗಿನ ನೀರು ಒಣಗಲಿ. ಗೊಬ್ಬರ ಹೊತ್ತ ದಿನ ಪೈಪು ತಣ್ಣಗಾದ ಮೇಲೆ ತೊಳೀರಿ. ಇಷ್ಟು ಮಾಡಿದ್ರೆ ಬೇಗ ಬೇಗ ಬದಲಾಯಿಸೋ ಪ್ರಮೇಯವೇ ಇರಲ್ಲ.

ಮೇವಿನ ಬೀಜ ತರೋವಾಗ ಹತ್ತು ಅಂಗಡಿ ವಿಚಾರಿಸೋ ನಾವು ಇದಕ್ಕೂ ಎರಡು ಕಡೆ ವಿಚಾರಿಸೋಣ. ಏನೇ ಹಾಕಿಸಿ, ಬಿಲ್ ತಗೊಳ್ಳಿ, ಹಳೇ ಸೈಲೆನ್ಸರನ್ನ ಕೈಯಲ್ಲಿ ಹಿಡ್ಕೊಂಡೇ ಮನೆಗೆ ಬನ್ನಿ.